ಬೆಂಗಳೂರಿನ ಸೈಟಿನಲ್ಲಿ ಸೈಸ್ಮಿಕ್ ಸರ್ವೆ: ಬೇಗ ಮುಗಿಸುವುದು, ಖರ್ಚು ಇಳಿಸುವುದು

ನೆಲಕ್ಕೆ ಸುತ್ತಿಗೆಯಿಂದ ಹೊಡೆದು, ಏಳುವ ಅಲೆಗಳ ವೇಗದಿಂದ ಅಡಿಯಲ್ಲಿ ಮಣ್ಣು ಎಷ್ಟು, ಬಂಡೆ ಎಲ್ಲಿ ಎಂದು ತಿಳಿಯುವುದೇ ಸೈಸ್ಮಿಕ್ ಸರ್ವೆ. ಆ ಅಲೆಗಳನ್ನು ಹಿಡಿಯುವ, ಕೆಳಗೆ ಮೊಳೆಯಿರುವ ಸಣ್ಣ ಸಂವೇದಕವೇ ಜಿಯೋಫೋನ್. 24 ಜಿಯೋಫೋನುಗಳ ಒಂದು ಸಾಲನ್ನು ನೆಲಕ್ಕೆ ಚುಚ್ಚಿ ನಿಲ್ಲಿಸಲು ಒಂದಕ್ಕೆ ಒಂದೇ ನಿಮಿಷ ಅಂದುಕೊಂಡರೂ 24 ನಿಮಿಷ ಬೇಕು. ಏಪ್ರಿಲ್‌ನ ಒಣ ಕೆಮ್ಮಣ್ಣಿನಲ್ಲಿ ಮೊಳೆ ಇಳಿಯುವುದೇ ಕಷ್ಟ, ಎರಡರಷ್ಟು ಹೊತ್ತು ಹಿಡಿಯುತ್ತದೆ. ಸುತ್ತಿಗೆಯಲ್ಲಿ ಹೊಡೆದು ರೆಕಾರ್ಡ್ ತೆಗೆಯುವ ಅಸಲು ಕೆಲಸ ಹತ್ತು ನಿಮಿಷದ್ದು. ಆಮೇಲೆ ಎಲ್ಲವನ್ನೂ ಕಿತ್ತು, ಮಣ್ಣು ಒರೆಸಿ, ಕೇಬಲ್ ಸುತ್ತಿ ಮುಂದಿನ ಜಾಗಕ್ಕೆ ಹೊರಬೇಕು. ಯಂತ್ರದ ಬಾಡಿಗೆ, ಮೂವರ ಕೂಲಿ, ಗಾಡಿ ಎಲ್ಲವೂ ದಿನದ ಲೆಕ್ಕ. ಹಾಗಾಗಿ ಸರ್ವೆಯ ಖರ್ಚಿನಲ್ಲಿ ದೊಡ್ಡ ಪಾಲು ಈ ಚುಚ್ಚುವ, ಕೀಳುವ ಕೆಲಸದ್ದು. ಇನ್ನೊಂದು ಸೋರಿಕೆಯೂ ಇದೆ: ಆಫೀಸಿಗೆ ಬಂದು ಡೇಟಾ ತೆರೆದ ಮೇಲೆ ಅದು ಉಪಯೋಗಕ್ಕೆ ಬಾರದೆಂದು ಗೊತ್ತಾಗಿ, ಇನ್ನೊಂದು ದಿನ ಅದೇ ಸೈಟಿಗೆ ಹೊರಡುವುದು. ಈ ಎರಡಕ್ಕೆ ಕಡಿವಾಣ ಹಾಕಿದರೆ ಹೊಸ ಯಂತ್ರಕ್ಕೆ ದುಡ್ಡು ಸುರಿಯುವ ಅಗತ್ಯ ಬೀಳುವುದಿಲ್ಲ.

ಇಲ್ಲಿರುವುದು ಸುಮಾರು 30 ಮೀಟರ್ ಆಳದವರೆಗಿನ ಸರ್ವೆಯ ಮಾತು. ಅಪಾರ್ಟ್‌ಮೆಂಟಿನ ಪಾಯ, ರಸ್ತೆ, ಸೇತುವೆ, ಪೈಪ್‌ಲೈನ್ ಕೆಲಸಗಳಿಗೆ ಬೇಕಾಗುವುದು ಇಷ್ಟೇ.

ಕಾಲ ಕೆಳಗೆ ಏನಿದೆ

ಲಾಲ್‌ಬಾಗ್ ಬಂಡೆಯ ಮೇಲೆ ನಿಂತವರಿಗೆ ಈ ಊರಿನ ತಳ ಕಣ್ಣಿಗೇ ಕಾಣುತ್ತದೆ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಉಳಿದ ಕಡೆ ಅದೇ ಬಂಡೆ ಮಣ್ಣಿನ ಅಡಿಯಲ್ಲಿದೆ. ಮೇಲೆ ಕೆಮ್ಮಣ್ಣು, ಅದರ ಕೆಳಗೆ ಬಾವಿ ತೋಡುವವರು ಸುದ್ದೆ ಎನ್ನುವ ಮೆತ್ತನೆಯ ಪದರ, ಆಮೇಲೆ ರಿಪೋರ್ಟುಗಳಲ್ಲಿ ವೆದರ್ಡ್ ರಾಕ್ ಎಂದು ಬರೆಯುವ ಕೊಳೆತ ಕಲ್ಲು, ಕೊನೆಗೆ ಗಟ್ಟಿ ಬಂಡೆ. ಈ ಪದರಗಳ ನಡುವೆ ಗೆರೆ ಎಳೆದಂತೆ ಗಡಿ ಇರುವುದು ಅಪರೂಪ, ಒಂದರೊಳಗೊಂದು ಕರಗಿಕೊಂಡಿರುತ್ತವೆ. ಕೊಳೆತ ಕಲ್ಲಿನೊಳಗೆ ಕೊಳೆಯದೆ ಉಳಿದ ಗುಂಡುಕಲ್ಲುಗಳೂ ಇರುತ್ತವೆ. ಬೋರ್‌ಹೋಲ್‌ನವರು ಅಂಥ ಗುಂಡುಕಲ್ಲಿಗೆ ತಾಗಿ, ಎಸ್‌ಪಿಟಿ (ಭಾರ ಬೀಳಿಸಿ ಕೊಳವೆಯನ್ನು ನೆಲಕ್ಕೆ ಇಳಿಸುವ ಪರೀಕ್ಷೆ) ರೆಫ್ಯೂಸಲ್ ಬಂತು, ಅಂದರೆ ಕೊಳವೆ ಇನ್ನು ಇಳಿಯದು, ಬಂಡೆ ಸಿಕ್ಕಿತು ಎಂದು ಬರೆದುಬಿಡುತ್ತಾರೆ. ನಾಲ್ಕು ಮೀಟರ್ ಪಕ್ಕದಲ್ಲಿ ಬಂಡೆ ಇನ್ನೂ ಹತ್ತು ಮೀಟರ್ ಕೆಳಗಿರಬಹುದು.

ಮುಚ್ಚಿದ ಕೆರೆಗಳದ್ದು ಬೇರೆಯೇ ಕಥೆ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಲ್ಲಿ. ಇಂಥ ಕಡೆ ಮೇಲೆ ಕಟ್ಟಡದ ಅವಶೇಷ ತುಂಬಿದ ಮಣ್ಣು, ಅಡಿಯಲ್ಲಿ ಹಳೆಯ ಕೆರೆಯ ಜೇಡಿ. ಸೈಟಿಗೆ ಹೋಗುವ ಮುನ್ನ ಹಳೆಯ ಗ್ರಾಮ ನಕ್ಷೆಯಲ್ಲಿ ಕೆರೆ, ರಾಜಕಾಲುವೆ, ಕಲ್ಲು ಕ್ವಾರಿ ಇದ್ದವೇ ಎಂದು ನೋಡುವುದಕ್ಕೆ ಅರ್ಧ ಗಂಟೆ ಸಾಕು. ಸಾಲು ಎಲ್ಲಿ ಹಾಕಬೇಕು ಎನ್ನುವುದರಲ್ಲಿ ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಗ್ರಾಹಕರು ಕೇಳುತ್ತಿರುವುದು ಏನು ಎಂಬುದನ್ನೂ ಮೊದಲೇ ಬಿಡಿಸಿಕೊಳ್ಳಿ. ಬಂಡೆ ಎಷ್ಟು ಆಳದಲ್ಲಿದೆ, ಜೆಸಿಬಿ ಬಕೆಟ್ಟಿಗೆ ಬರುತ್ತದೆಯೇ ಬ್ರೇಕರ್ ಬೇಕೇ ಎನ್ನುವವರಿಗೆ ರಿಫ್ರ್ಯಾಕ್ಷನ್, ಅಂದರೆ ಬಂಡೆಯ ಮೇಲ್ಭಾಗದಲ್ಲಿ ಓಡಿ ಮೇಲೆ ಬರುವ ಅಲೆ ಒಂದೊಂದು ಜಿಯೋಫೋನಿಗೆ ಮುಟ್ಟುವ ಸಮಯದಿಂದ ಆಳ ಕಂಡುಹಿಡಿಯುವ ವಿಧಾನ. ಭೂಕಂಪ ವಿನ್ಯಾಸಕ್ಕೆ ಮಣ್ಣಿನ ಬಿಗಿ ಎಷ್ಟು, ಮೇಲಿನ 30 ಮೀಟರಿನ ಸರಾಸರಿ ಅಡ್ಡಅಲೆ (ನೆಲವನ್ನು ಅಡ್ಡಡ್ಡ ಅಲುಗಿಸುತ್ತಾ ಸಾಗುವ ಅಲೆ) ವೇಗ ಎಷ್ಟು ಎನ್ನುವವರಿಗೆ ಎಂಎಎಸ್‌ಡಬ್ಲ್ಯು, ಅಂದರೆ ನೆಲದ ಮೇಲ್ಮೈಯಲ್ಲಿ ಸಾಗುವ ರೇಲೀ ಅಲೆಗಳಿಂದ ವೇಗ ಕಂಡುಹಿಡಿಯುವ ವಿಧಾನ. ಇದನ್ನು ಕಾನ್ಸಾಸ್ ಭೂವೈಜ್ಞಾನಿಕ ಸಮೀಕ್ಷೆಯ ಪಾರ್ಕ್, ಮಿಲ್ಲರ್, ಷಿಯಾ 1999ರಲ್ಲಿ ಮಂಡಿಸಿದರು. ಬೆಂಗಳೂರಿನ ಭೂಕಂಪ ಸೂಕ್ಷ್ಮವಲಯ ಅಧ್ಯಯನಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯವರು ಬಳಸಿದ್ದೂ ಇದನ್ನೇ.

ನೆಲದಲ್ಲಿ ನೀರು ತುಂಬಿದ್ದರೆ ರಿಫ್ರ್ಯಾಕ್ಷನ್ ಮೋಸ ಮಾಡುತ್ತದೆ. ಅದು ಅಳೆಯುವುದು ಒತ್ತಡದ ಅಲೆಯನ್ನು, ನೀರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ನೀರು ತುಂಬಿದ ಮೆತ್ತನೆ ಮಣ್ಣೂ ಅದೇ 1500 ತೋರಿಸುತ್ತದೆ, ಕೊಳೆತ ಕಲ್ಲೂ ಹೆಚ್ಚುಕಡಿಮೆ ಅಷ್ಟೇ ತೋರಿಸಬಹುದು. ಕೆರೆ ಜಾಗದಲ್ಲಿ 1500 ಕಂಡ ಕೂಡಲೇ ಕಲ್ಲು ಎಂದು ಬರೆಯಬೇಡಿ. ಅಡ್ಡಅಲೆಗೆ ನೀರಿನ ಹಂಗಿಲ್ಲ, ಅಂಥ ಕಡೆ ಎಂಎಎಸ್‌ಡಬ್ಲ್ಯು ಮಾತನ್ನೇ ನಂಬಿ.

ಚುಚ್ಚುವ ಬದಲು ಎಳೆಯಿರಿ

ಹೊತ್ತು ಉಳಿಸುವ ದೊಡ್ಡ ಉಪಾಯ ಲ್ಯಾಂಡ್ ಸ್ಟ್ರೀಮರ್. ಜಿಯೋಫೋನಿನ ಮೊಳೆ ಬಿಚ್ಚಿ, ಕೆಳಗೆ ಕಬ್ಬಿಣದ ತಟ್ಟೆ ಕೂರಿಸಿ, ಎಲ್ಲ ತಟ್ಟೆಗಳನ್ನೂ ಒಂದು ಪಟ್ಟಿಗೆ ಬಿಗಿದು, ಇಡೀ ಸಾಲನ್ನು ಹಾವಿನಂತೆ ಎಳೆದುಕೊಂಡು ಹೋಗುವುದು. ನಿಲ್ಲಿಸಿ, ಹೊಡೆದು, ಐದು ಮೀಟರ್ ಎಳೆದು, ಮತ್ತೆ ಹೊಡೆಯುವುದು. ಕೈ ಪಳಗಿದ ಮೇಲೆ ಒಂದು ಜಾಗಕ್ಕೆ ಐದು ನಿಮಿಷ. ಚುಚ್ಚುವ ಸಾಲಿನಲ್ಲಿ ಒಂದು ಜಾಗ ಮುಗಿಯುವ ಹೊತ್ತಿಗೆ ಇದರಲ್ಲಿ ಹತ್ತು ಮುಗಿದಿರುತ್ತವೆ. ಡಾಂಬರು, ಕಾಂಕ್ರೀಟು, ಪೇವರ್ ಕಲ್ಲು ಹಾಸಿದ ಊರಿನಲ್ಲಿ ಮೊಳೆ ಚುಚ್ಚಲು ಜಾಗವೇ ಇರುವುದಿಲ್ಲ ಎನ್ನುವುದೂ ಇದಕ್ಕೆ ಇನ್ನೊಂದು ಕಾರಣ.

ಇದನ್ನು ಇಲ್ಲೇ ಮಾಡಿಸಿಕೊಳ್ಳಬಹುದು. ತಟ್ಟೆಗೆ 120 × 100 ಮಿಲಿಮೀಟರ್, 12 ಮಿಲಿಮೀಟರ್ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್. ಒಂದರ ತೂಕ ಸುಮಾರು 1.1 ಕಿಲೋ. ಇದಕ್ಕಿಂತ ಹಗುರವಾದರೆ ತಟ್ಟೆ ನೆಲದ ಮೇಲೆ ಕುಣಿಯುತ್ತದೆ, ತೀರಾ ಭಾರವಾದರೆ ಎಳೆಯುವವರು ಸುಸ್ತಾಗುತ್ತಾರೆ. ಪೀಣ್ಯದ ಯಾವ ಲೇಸರ್ ಕಟಿಂಗ್ ಅಂಗಡಿಯಲ್ಲಾದರೂ 24 ತಟ್ಟೆ ಕತ್ತರಿಸಿಕೊಡುತ್ತಾರೆ. ಮುಂದಿನ ಮತ್ತು ಹಿಂದಿನ ಅಂಚುಗಳನ್ನು ಗ್ರೈಂಡರಿನಲ್ಲಿ ಓರೆ ಮಾಡಿಸಿ. ಇಲ್ಲದಿದ್ದರೆ ಮ್ಯಾನ್‌ಹೋಲ್ ಮುಚ್ಚಳದ ಅಂಚಿಗೆ, ಹಂಪ್‌ನ ಬುಡಕ್ಕೆ ತಟ್ಟೆ ಸಿಕ್ಕಿಹಾಕಿಕೊಳ್ಳುತ್ತದೆ. ನಡುವೆ ತೂತು ಕೊರೆದು ಥ್ರೆಡ್ ಹಾಕಿಸುವಾಗ ಅಳತೆಯನ್ನು ಬಾಯಲ್ಲಿ ಹೇಳಬೇಡಿ. ಜಿಯೋಫೋನಿನ ಮೊಳೆಯ ಥ್ರೆಡ್ ಒಬ್ಬೊಬ್ಬ ತಯಾರಕರದ್ದು ಒಂದೊಂದು ಥರ, ಕೆಲವು ಇಂಚಿನವು, ಕೆಲವು ಮಿಲಿಮೀಟರಿನವು. ಒಂದು ಮೊಳೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಒಂದು ತಟ್ಟೆಗೆ ಟ್ಯಾಪ್ ಹಾಕಿಸಿ ಕೈಯಾರೆ ತಿರುಗಿಸಿ ನೋಡಿ, ಆಮೇಲೆ ಉಳಿದ 23.

ಪಟ್ಟಿಗೆ ಲಾರಿಯವರು ಲೋಡ್ ಬಿಗಿಯುವ 50 ಮಿಲಿಮೀಟರ್ ಅಗಲದ ಪಾಲಿಯೆಸ್ಟರ್ ಬೆಲ್ಟ್ ಒಳ್ಳೆಯದು. ನೈಲಾನ್ ಬೇಡ, ಅದು ಹಿಗ್ಗುತ್ತದೆ. ಒಂದು ಮೀಟರ್ ಇರಬೇಕಾದ ಅಂತರ ಎಳೆದಂತೆಲ್ಲ ಹೆಚ್ಚುತ್ತಾ ಹೋಗಿ ವೇಗದ ಲೆಕ್ಕವೇ ತಪ್ಪುತ್ತದೆ. ಹಳೆಯ ಫೈರ್ ಹೋಸ್ ಸಿಕ್ಕರೆ ಅದೂ ಆಗುತ್ತದೆ, ಸವೆಯುವುದು ನಿಧಾನ. ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿದು ಗುರುತು ಹಾಕಿ, ಗುರುತಿನಲ್ಲಿ ಬಿಸಿ ಮಾಡಿದ ಕಬ್ಬಿಣದ ಸಲಾಕೆಯಿಂದ ತೂತು ಮಾಡಿ. ಕತ್ತರಿಯಿಂದ ಮಾಡಿದ ತೂತು ಎಳೆ ಬಿಚ್ಚಿಕೊಳ್ಳುತ್ತದೆ. ಕೇಬಲ್ಲನ್ನು ಬೆಲ್ಟಿಗೆ ಟೈ ಹಾಕಿ ಕಟ್ಟುವಾಗ ಪ್ರತಿ ಮೀಟರಿಗೆ ಹತ್ತು ಸೆಂಟಿಮೀಟರ್ ಸಡಿಲ ಬಿಡಿ. ಎಳೆತ ಬೆಲ್ಟಿನ ಮೇಲೆ ಬೀಳಬೇಕು, ಕೇಬಲ್ಲಿನ ಮೇಲೆ ಬಿದ್ದರೆ ಮೊದಲು ಸಾಯುವುದು ಜಿಯೋಫೋನನ್ನು ಕೇಬಲ್ಲಿಗೆ ಸೇರಿಸುವ ಟೇಕ್‌ಔಟ್ ಕ್ಲಿಪ್ಪಿನ ಬೆಸುಗೆ.

ಒಟ್ಟು ತೂಕ 40 ಕಿಲೋ ಆಸುಪಾಸು. ಇಬ್ಬರು ಎಳೆಯಬಹುದು. ಗಾಡಿಗೆ ಕಟ್ಟುವುದಾದರೆ ಗಾಡಿಗೂ ಮೊದಲ ಜಿಯೋಫೋನಿಗೂ ನಡುವೆ ಕನಿಷ್ಠ ಐದು ಮೀಟರ್ ಹಗ್ಗ ಇರಲಿ, ಹೊಡೆಯುವಾಗ ಇಂಜಿನ್ ಆಫ್ ಆಗಿರಲಿ. ಎಳೆದು ನಿಲ್ಲಿಸಿದ ಕೂಡಲೇ ಹೊಡೆಯಬಾರದು. ಬಿಗಿದ ಬೆಲ್ಟೇ ಅಲೆಯನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಹಗ್ಗವನ್ನು ಒಂದು ಗೇಣು ಹಿಂದಕ್ಕೆ ಬಿಟ್ಟು ಬೆಲ್ಟ್ ಸಡಿಲವಾಗಲಿ. ಒಬ್ಬರು ಸಾಲಿನುದ್ದಕ್ಕೂ ನಡೆದು, ಕಲ್ಲಿನ ಮೇಲೆ ಓರೆಯಾಗಿ ಕೂತ ತಟ್ಟೆಗಳನ್ನು ಕಾಲಿನಿಂದ ಸರಿಪಡಿಸಲಿ. ಮೇಲೆ-ಕೆಳಗಿನ ಕಂಪನ ಅಳೆಯುವ 4.5 ಹರ್ಟ್ಸಿನ ಜಿಯೋಫೋನ್ ತೀರಾ ವಾಲಿದರೆ ಒಳಗಿನ ಕಾಯಿಲ್ ಸರಿಯಾಗಿ ತೂಗದೆ ಸತ್ತಂತಿರುತ್ತದೆ.

ಎಲ್ಲ ಕಡೆ ಇದು ನಡೆಯದು. ಹುಲ್ಲು ಬೆಳೆದ ಅಂಗಳ, ಸಡಿಲ ಮಣ್ಣಿನ ಗುಡ್ಡೆ, ಜಲ್ಲಿ ಹರಡಿದ ಸೈಟು, ಇಲ್ಲೆಲ್ಲ ತಟ್ಟೆ ನೆಲವನ್ನು ಹಿಡಿಯದೆ ಮೇಲಿನ ಆವರ್ತನಗಳು ಕಳೆದುಹೋಗುತ್ತವೆ. ಹೊಸ ಬಗೆಯ ನೆಲ ಸಿಕ್ಕಾಗ ಒಮ್ಮೆ ಪರೀಕ್ಷೆ ಮಾಡಿ: ಸ್ಟ್ರೀಮರಿನ ಪಕ್ಕದಲ್ಲೇ ಆರು ಜಿಯೋಫೋನುಗಳನ್ನು ಮೊಳೆಯಿಂದ ಚುಚ್ಚಿ, ಒಂದೇ ಹೊಡೆತವನ್ನು ಎರಡರಲ್ಲೂ ದಾಖಲಿಸಿ, ಅಕ್ಕಪಕ್ಕದ ಟ್ರೇಸ್‌ಗಳನ್ನು (ಒಂದೊಂದು ಜಿಯೋಫೋನಿನ ಕಂಪನದ ಗೆರೆ) ಒಂದರ ಮೇಲೊಂದು ಇಟ್ಟು ನೋಡಿ. ಹೊಂದಿದರೆ ಎಳೆಯಿರಿ, ಇಲ್ಲದಿದ್ದರೆ ಚುಚ್ಚಿ. ಒಣ ಕೆಮ್ಮಣ್ಣಿಗೆ ಚುಚ್ಚಲೇಬೇಕಾದರೆ ಅರ್ಧ ಗಂಟೆ ಮುಂಚೆ ಒಂದೊಂದು ಗುರುತಿಗೆ ಒಂದೊಂದು ಲೋಟ ನೀರು ಹಾಕಿಡಿ.

12 ಚಾನೆಲ್‌ನ, ಅಂದರೆ ಒಮ್ಮೆಗೆ 12 ಜಿಯೋಫೋನು ಓದುವ, ಹಳೆಯ ಯಂತ್ರವಷ್ಟೇ ಇದೆ ಎಂದು ಕೈಚೆಲ್ಲಬೇಕಿಲ್ಲ. ಜಿಯೋಫೋನುಗಳನ್ನು ಒಂದು ಮೀಟರ್ ಅಂತರದಲ್ಲಿ ಹಾಗೇ ಬಿಟ್ಟು, ಮೊದಲು 6 ಮೀಟರ್ ದೂರದಿಂದ, ಆಮೇಲೆ 18 ಮೀಟರ್ ದೂರದಿಂದ ಹೊಡೆಯಿರಿ. ಎರಡನ್ನೂ ಜೋಡಿಸಿದರೆ 6ರಿಂದ 29 ಮೀಟರ್‌ವರೆಗಿನ 24 ಟ್ರೇಸ್‌ಗಳ ದಾಖಲೆ ಸಿಗುತ್ತದೆ. ನೆಲ ಆ ಉದ್ದದಲ್ಲಿ ಒಂದೇ ಸಮನಾಗಿರಬೇಕು, ಹೊಡೆದ ಕ್ಷಣವನ್ನು ಯಂತ್ರಕ್ಕೆ ತಿಳಿಸುವ ಟ್ರಿಗರ್ ನಂಬಿಕಸ್ಥವಾಗಿರಬೇಕು. ಈ ಎರಡು ಷರತ್ತು ಬಿಟ್ಟರೆ ಇದು ಪುಕ್ಕಟೆ.

ಸುತ್ತಿಗೆಯ ಕೆಲಸ

8 ಕಿಲೋ ಸುತ್ತಿಗೆ, 25 ಸೆಂಟಿಮೀಟರ್ ಚೌಕದ ದಪ್ಪ ತಟ್ಟೆ. ಇದಕ್ಕಿಂತ ದೊಡ್ಡ ಸಿಡಿತ ಊರೊಳಗೆ ಬೇಡ, ಮಾಡಲು ಯಾರೂ ಬಿಡುವುದೂ ಇಲ್ಲ. ಮೊದಲ ಎರಡು ಹೊಡೆತ ತಟ್ಟೆಯನ್ನು ನೆಲಕ್ಕೆ ಕೂರಿಸುವುದಕ್ಕೆ, ಅವನ್ನು ಎಣಿಸಬೇಡಿ. ಸುತ್ತಿಗೆ ಪುಟಿದು ಎರಡನೇ ಸಲ ತಟ್ಟೆಗೆ ಬಡಿದರೆ ಆ ರೆಕಾರ್ಡನ್ನು ಎಸೆಯಿರಿ. ಬಡಿದ ಕೂಡಲೇ ಹಿಡಿಯನ್ನು ಸ್ವಲ್ಪ ಪಕ್ಕಕ್ಕೆ ಬಿಡುವುದನ್ನು ಕಲಿತರೆ ಪುಟಿತ ನಿಲ್ಲುತ್ತದೆ. ಕಬ್ಬಿಣದ ತಟ್ಟೆ ಗಂಟೆಯಂತೆ ಮೊಳಗುತ್ತದೆ, ಆ ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 346 ಮೀಟರ್ ವೇಗದಲ್ಲಿ ಜಿಯೋಫೋನಿಗೆ ಮುಟ್ಟುತ್ತದೆ. ಹೊರಗಿನಿಂದ ತಂದು ತುಂಬಿದ ಮಣ್ಣಿನ ಒತ್ತಡದ ಅಲೆಯ ವೇಗವೂ 300ರಿಂದ 400 ಆಗಿರುವುದುಂಟು. ದೂರಕ್ಕೆ ಎದುರಾಗಿ ಸಮಯ ಗುರುತಿಸುವ ರಿಫ್ರ್ಯಾಕ್ಷನ್ ಗ್ರಾಫಿನಲ್ಲಿ ಮೊದಲ ಪದರಕ್ಕೆ ಸರಿಯಾಗಿ 345ರ ಹತ್ತಿರದ ವೇಗ ಬಂದರೆ ಅನುಮಾನಪಡಿ, ನೀವು ಆರಿಸಿಕೊಂಡದ್ದು ಮಣ್ಣನ್ನಲ್ಲ, ಗಾಳಿಯನ್ನೇ ಇರಬಹುದು. ದಪ್ಪ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ತಟ್ಟೆ ಬಳಸಿದರೆ ಈ ಮೊಳಗುವಿಕೆ ಬಹಳ ತಗ್ಗುತ್ತದೆ, ಕಡಿಮೆ ಆವರ್ತನವೂ ಚೆನ್ನಾಗಿ ಬರುತ್ತದೆ. ಎಂಎಎಸ್‌ಡಬ್ಲ್ಯು ಮಾಡುವವರಿಗೆ ಅದೇ ಮೇಲು.

ಎಷ್ಟು ಸಲ ಹೊಡೆಯಬೇಕು? ಗದ್ದಲದ ಮೇಲೆ ಸಿಗ್ನಲ್ ಏಳುವುದು ಹೊಡೆತಗಳ ಸಂಖ್ಯೆಯ ವರ್ಗಮೂಲದಷ್ಟು. 4 ಹೊಡೆತಕ್ಕೆ ಎರಡರಷ್ಟು, 16ಕ್ಕೆ ನಾಲ್ಕರಷ್ಟು, ಎಂಟರಷ್ಟು ಬೇಕಾದರೆ 64. ಹತ್ತರಾಚೆ ಹೊಡೆಯುವುದು ತೋಳಿಗೂ ಗಡಿಯಾರಕ್ಕೂ ದಂಡ. ಅದರ ಬದಲು ಒಂದೊಂದು ಹೊಡೆತವನ್ನೂ ಬೇರೆ ಬೇರೆ ಫೈಲಾಗಿ ಉಳಿಸಿ. ಯಂತ್ರದಲ್ಲೇ ಒಟ್ಟುಗೂಡಿಸುತ್ತಾ ಹೋದರೆ ಏಳನೇ ಹೊಡೆತದ ವೇಳೆಗೆ ಹಾದುಹೋದ ಒಂದು ಬಿಎಂಟಿಸಿ ಬಸ್ಸು ಹಿಂದಿನ ಆರನ್ನೂ ಕೆಡಿಸುತ್ತದೆ. ಬಿಡಿ ಫೈಲುಗಳಿದ್ದರೆ ಕೆಟ್ಟದ್ದನ್ನು ತೆಗೆದು ಉಳಿದ ಐದಾರನ್ನು ಕೂಡಿಸಬಹುದು, ಮತ್ತೆ ಹೊಡೆಯುವ ಪ್ರಮೇಯವಿಲ್ಲ.

ಟ್ರಿಗರ್ ವಿಷಯದಲ್ಲಿ ಎರಡು ತಪ್ಪುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಒಂದು, ಹೊಡೆತದಿಂದ ಹೊಡೆತಕ್ಕೆ ಸೊನ್ನೆ ಸಮಯ ಅಲುಗಾಡುವುದು. ಒಂದು ಮಿಲಿಸೆಕೆಂಡ್ ಅಲುಗಿದರೆ ಕೂಡಿಸಿದ ಮೇಲೆ 200 ಹರ್ಟ್ಸಿನ ಅಲೆಯ ಎತ್ತರ ಅರ್ಧಕ್ಕಿಂತ ಕೆಳಗಿಳಿಯುತ್ತದೆ, 50 ಹರ್ಟ್ಸಿಗೆ ಐದು ಶೇಕಡಾ ಮಾತ್ರ ನಷ್ಟ. ಎಂಎಎಸ್‌ಡಬ್ಲ್ಯು ಬಳಸುವುದು 50ರೊಳಗಿನ ಆವರ್ತನ, ಅದಕ್ಕೆ ಇದು ಲೆಕ್ಕಕ್ಕಿಲ್ಲ. ರಿಫ್ರ್ಯಾಕ್ಷನ್‌ನ ಚೂಪಾದ ಮೊದಲ ಅಲೆ ಮಾತ್ರ ಮಬ್ಬಾಗುತ್ತದೆ. ಎರಡು, ಎಲ್ಲ ಹೊಡೆತಗಳಲ್ಲೂ ಒಂದೇ ಸಮನಾದ ತಡ. ಇದು ಅಲೆಗಳ ನಡುವಿನ ವ್ಯತ್ಯಾಸವನ್ನು ಕೆಡಿಸುವುದಿಲ್ಲ, ಆಳವನ್ನು ಕೆಡಿಸುತ್ತದೆ. 400 ವೇಗದ ಮಣ್ಣು 8 ಮೀಟರ್, ಅಡಿಯಲ್ಲಿ 2000 ವೇಗದ ಕಲ್ಲು ಎಂದಿಟ್ಟುಕೊಳ್ಳಿ. ಗ್ರಾಫಿನಲ್ಲಿ ಕಲ್ಲಿನ ಗೆರೆಯನ್ನು ಹಿಂದಕ್ಕೆ ಎಳೆದರೆ ಅದು ಸಮಯದ ಅಕ್ಷವನ್ನು ಮುಟ್ಟುವುದು 39 ಮಿಲಿಸೆಕೆಂಡಿನಲ್ಲಿ. ಟ್ರಿಗರ್ 5 ಮಿಲಿಸೆಕೆಂಡ್ ತಪ್ಪಿದರೆ ಆಳ ಒಂದು ಮೀಟರ್ ತಪ್ಪುತ್ತದೆ.

ಸುತ್ತಿಗೆಯ ಹಿಡಿಗೆ ಟೇಪ್ ಸುತ್ತಿ ಅಂಟಿಸಿದ ಪೀಜೋ ಬಿಲ್ಲೆ (ಏಟು ಬಿದ್ದಾಗ ವಿದ್ಯುತ್ ಹೊಮ್ಮಿಸುವ ಬಿಲ್ಲೆ) ಅಗ್ಗದ ಟ್ರಿಗರ್, ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಬಾಳಿಕೆ ಕಡಿಮೆ, ವೈರು ಹಿಡಿಯ ಬುಡದಲ್ಲಿ ತುಂಡಾಗುತ್ತದೆ. ಇದಕ್ಕಿಂತ ಗಟ್ಟಿಯಾದ ಉಪಾಯ: ಒಂದು ಜಿಯೋಫೋನನ್ನು ಹೊಡೆಯುವ ತಟ್ಟೆಯ ಪಕ್ಕದಲ್ಲೇ ಇಟ್ಟು ಒಂದು ಚಾನೆಲ್ಲಿಗೆ ಕೊಡಿ. ಎಲ್ಲ ಹೊಡೆತಗಳನ್ನೂ ಆ ಚಾನೆಲ್ಲಿನ ಮೊದಲ ಏರಿಕೆಗೆ ಸರಿಹೊಂದಿಸಿ ಕೂಡಿಸಿದರೆ ಟ್ರಿಗರ್ ಎಷ್ಟೇ ಸೋಮಾರಿಯಾಗಿದ್ದರೂ ನಡೆಯುತ್ತದೆ.

ಒಂದೇ ಏಟಿಗೆ ಎರಡು ಸರ್ವೆ

ರಿಫ್ರ್ಯಾಕ್ಷನ್‌ಗೆ ಒಮ್ಮೆ, ಎಂಎಎಸ್‌ಡಬ್ಲ್ಯುಗೆ ಇನ್ನೊಮ್ಮೆ ಎಂದು ಎರಡು ಸಲ ಸಾಲು ಹಾಸುವವರಿದ್ದಾರೆ. ಅಗತ್ಯವಿಲ್ಲ. 4.5 ಹರ್ಟ್ಸಿನ ಜಿಯೋಫೋನ್ ಎರಡಕ್ಕೂ ಸಾಕು. 0.25 ಮಿಲಿಸೆಕೆಂಡ್ ಅಂತರದಲ್ಲಿ ಒಂದು ಸೆಕೆಂಡ್ ದಾಖಲಿಸಿ. 24 ಚಾನೆಲ್, ತಲಾ 4000 ಅಂಕಿ, ಎಲ್ಲ ಸೇರಿ 400 ಕೆಬಿಯೂ ಆಗುವುದಿಲ್ಲ. ಮೊದಲ 100 ಮಿಲಿಸೆಕೆಂಡ್ ರಿಫ್ರ್ಯಾಕ್ಷನ್‌ಗೆ, ಇಡೀ ಸೆಕೆಂಡ್ ಎಂಎಎಸ್‌ಡಬ್ಲ್ಯುಗೆ. ಒಂದು ಸಾಲಿಗೆ ಏಳು ಜಾಗದಲ್ಲಿ ಹೊಡೆಯಿರಿ: ಎರಡೂ ತುದಿಗಳಲ್ಲಿ, ನಡುವೆ, ಎರಡೂ ತುದಿಯಾಚೆ 5 ಮತ್ತು 10 ಮೀಟರಿನಲ್ಲಿ. ಎರಡೂ ಕಡೆಯಿಂದ ಹೊಡೆಯದೆ ಬಿಟ್ಟರೆ ಇಳಿಜಾರು ಬಂಡೆ ಒಂದು ಕಡೆಯಿಂದ ವೇಗವಾಗಿ, ಇನ್ನೊಂದು ಕಡೆಯಿಂದ ನಿಧಾನವಾಗಿ ಕಂಡು, ಯಾವುದು ನಿಜ ಎಂದು ಹೇಳಲಾಗುವುದಿಲ್ಲ.

ಸಾಲಿನ ಉದ್ದವೇ ಆಳದ ಮಿತಿ. ಮೇಲಿನ ಉದಾಹರಣೆಯ ನೆಲದಲ್ಲಿ ಕಲ್ಲಿನಿಂದ ಬರುವ ಅಲೆ ಮೊದಲು ಮುಟ್ಟತೊಡಗುವುದು ಹೊಡೆದ ಜಾಗದಿಂದ ಸುಮಾರು 20 ಮೀಟರ್ ಆಚೆ. ಒಂದು ಮೀಟರ್ ಅಂತರದ 23 ಮೀಟರ್ ಸಾಲಿಗೆ ತುದಿಯಿಂದ ಹೊಡೆದರೆ ಕಲ್ಲನ್ನು ನೋಡುವುದು ಕೊನೆಯ ನಾಲ್ಕು ಜಿಯೋಫೋನು ಮಾತ್ರ. ಹುಡುಕುವ ಆಳದ ನಾಲ್ಕೈದು ಪಟ್ಟು ಉದ್ದ ಬೇಕು ಎನ್ನುವ ರೂಢಿಯ ಮಾತಿಗೆ ಅರ್ಥ ಇದೇ. ಎಂಎಎಸ್‌ಡಬ್ಲ್ಯುನಲ್ಲಿ ಆಳ ಸುಮಾರು ಅಲೆಯ ಉದ್ದದ ಅರ್ಧ. ಅಲೆಯ ಉದ್ದವೆಂದರೆ ವೇಗವನ್ನು ಆವರ್ತನದಿಂದ ಭಾಗಿಸಿದ್ದು. 200 ವೇಗ, 10 ಹರ್ಟ್ಸ್ ಆದರೆ 20 ಮೀಟರ್ ಅಲೆ, 10 ಮೀಟರ್ ಆಳ. 30 ಮೀಟರಿಗೆ ಇಳಿಯಬೇಕಾದರೆ ಸುತ್ತಿಗೆ ಎಬ್ಬಿಸಲಾರದಷ್ಟು ಕಡಿಮೆ ಆವರ್ತನದ ಅಲೆ ಬೇಕಾಗುತ್ತದೆ. ಆಗ ಜಿಯೋಫೋನ್ ಅಂತರ 2 ಮೀಟರಿಗೆ ಏರಿಸಿ, ಉಳಿದದ್ದನ್ನು ಊರಿನ ಟ್ರಾಫಿಕ್ಕಿಗೆ ಬಿಡಿ.

ಗದ್ದಲವನ್ನೇ ದುಡಿಸಿಕೊಳ್ಳುವುದು

ಸುತ್ತಿಗೆ ಹೊಡೆಯುವ ಕೆಲಸ ಬೆಳಗ್ಗೆ ಆರಕ್ಕೆ ಶುರುವಾಗಿ ಎಂಟೂವರೆಗೆ ಮುಗಿದರೆ ಒಳ್ಳೆಯದು. ಭಾನುವಾರ ಇನ್ನೂ ಒಳ್ಳೆಯದು. ಆಮೇಲೆ ಬಸ್ಸು, ಟಿಪ್ಪರ್, ಪಕ್ಕದ ಸೈಟಿನ ಮಿಕ್ಸರ್, ಎಲ್ಲೋ ಕೊರೆಯುತ್ತಿರುವ ಬೋರ್‌ವೆಲ್. ಬೋರ್‌ವೆಲ್ ರಿಗ್ ಅಕ್ಕಪಕ್ಕದಲ್ಲಿ ನಡೆಯುತ್ತಿದ್ದರೆ ಅವರ ಕಾಫಿ ಹೊತ್ತಿಗೆ ಕಾಯುವುದು ಬಿಟ್ಟರೆ ದಾರಿಯಿಲ್ಲ.

ಅದೇ ಟ್ರಾಫಿಕ್ಕು ಕಡಿಮೆ ಆವರ್ತನದ ಅಲೆಗಳ ಕಣಜ. ಸುತ್ತಿಗೆಯ ಕೆಲಸ ಮುಗಿದ ಮೇಲೆ ಜಿಯೋಫೋನುಗಳನ್ನು ಅಲ್ಲೇ ಬಿಟ್ಟು 30 ಸೆಕೆಂಡಿನ 20 ರೆಕಾರ್ಡು ತೆಗೆಯಿರಿ. ಹತ್ತು ನಿಮಿಷ, ಯಾರೂ ಬೆವರು ಸುರಿಸಬೇಕಿಲ್ಲ. ನೇರ ಸಾಲಿನ ದೋಷವೊಂದಿದೆ: ಗದ್ದಲ ಸಾಲಿನ ದಿಕ್ಕಿಗೆ 30 ಡಿಗ್ರಿ ಓರೆಯಾಗಿ ಬಂದರೆ ವೇಗ ನಿಜಕ್ಕಿಂತ 15 ಶೇಕಡಾ ಹೆಚ್ಚಾಗಿ ಕಾಣುತ್ತದೆ, ಮಣ್ಣು ಇರುವುದಕ್ಕಿಂತ ಗಟ್ಟಿ ಎಂದು ವರದಿಯಾಗುತ್ತದೆ. ಜಾಗವಿದ್ದರೆ ಸಾಲನ್ನು ಎಲ್ ಆಕಾರಕ್ಕೆ ಬಗ್ಗಿಸಿ. ಆಗ ಗದ್ದಲ ಯಾವ ದಿಕ್ಕಿನದು ಎಂದು ಲೆಕ್ಕವೇ ಹೇಳುತ್ತದೆ.

ಇನ್ನೂ ಅಗ್ಗದ್ದು ಒಂದೇ ಮೂರು-ದಿಕ್ಕಿನ ಸಂವೇದಕದಿಂದ ಮಾಡುವ ಎಚ್‌ವಿಎಸ್‌ಆರ್. ಅಡ್ಡ ಕಂಪನವನ್ನು ಮೇಲೆ-ಕೆಳಗಿನ ಕಂಪನದಿಂದ ಭಾಗಿಸಿದರೆ ಮಣ್ಣಿನ ಸ್ವಂತ ಆವರ್ತನದಲ್ಲಿ ಶಿಖರ ಏಳುತ್ತದೆ. ಆ ಆವರ್ತನ ಎಂದರೆ ಅಡ್ಡಅಲೆ ವೇಗವನ್ನು ಆಳದ ನಾಲ್ಕು ಪಟ್ಟಿನಿಂದ ಭಾಗಿಸಿದ್ದು. ವೇಗ 240, ಶಿಖರ 4 ಹರ್ಟ್ಸ್ ಆದರೆ ಬಂಡೆ 15 ಮೀಟರಿನಲ್ಲಿ. ಒಂದು ಜಾಗಕ್ಕೆ 20 ನಿಮಿಷ, ಒಬ್ಬರೇ ಮಾಡಬಹುದು. ಗಾಳಿ ತಾಗದಂತೆ ಬಕೆಟ್ ಮುಚ್ಚಿ, ಮರದ ಬುಡದಿಂದ ದೂರವಿಡಿ. ಒಂದು ಎಂಎಎಸ್‌ಡಬ್ಲ್ಯು ಸಾಲಿನಿಂದ ವೇಗ ತಿಳಿದುಕೊಂಡು ಸೈಟಿನ ಹತ್ತು ಕಡೆ ಹೀಗೆ ನೋಡಿದರೆ ಬಂಡೆಯ ಏರಿಳಿತದ ನಕ್ಷೆ ಸಿಗುತ್ತದೆ. ಕೆರೆ ಜೇಡಿಯಿಂದ ನೇರ ಬಂಡೆಗೆ ಇಳಿಯುವ ಕಡೆ ಶಿಖರ ಚೂಪಾಗಿರುತ್ತದೆ. ಕೆಮ್ಮಣ್ಣು ನಿಧಾನಕ್ಕೆ ಕಲ್ಲಾಗುವ ಕಡೆ ಅದು ಗುಡ್ಡದಂತೆ ಹರಡಿಕೊಂಡಿರುತ್ತದೆ. ಅಂಥದ್ದಕ್ಕೆ ಒಂದೇ ಆಳ ಬರೆಯಬೇಡಿ, ಇಷ್ಟರಿಂದ ಇಷ್ಟರವರೆಗೆ ಎಂದು ಬರೆಯಿರಿ.

50 ಹರ್ಟ್ಸಿನ ವಿದ್ಯುತ್ ಗುಂಯ್ ಸದ್ದಿಗೆ ಹೆದರಬೇಕಿಲ್ಲ. ಟ್ರಾನ್ಸ್‌ಫಾರ್ಮರ್, ನೆಲದಡಿಯ ಕೇಬಲ್‌ಗಳಿಂದ ಸಾಲನ್ನು ಹತ್ತು ಮೀಟರ್ ಸರಿಸಿದರೆ ಎಷ್ಟೋ ಇಳಿಯುತ್ತದೆ. ಉಳಿದದ್ದಕ್ಕೆ ಫಿಲ್ಟರ್ ಹಾಕಿ. ಎಲ್ಲ ಚಾನೆಲ್ಲಿಗೂ ಒಂದೇ ಫಿಲ್ಟರ್ ಹಾಕಿದರೆ ಚಾನೆಲ್‌ಗಳ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ.

ಯಂತ್ರವನ್ನೇ ಕಟ್ಟುವವರಿಗೆ

ತಿಂಗಳಿಗೆ ಒಂದೆರಡು ಸರ್ವೆಯಾದರೆ ಬಾಡಿಗೆಯೇ ಸರಿ, ಕಟ್ಟುವ ಗೋಜು ಬೇಡ. ಕಟ್ಟುವುದಾದರೆ ಜಿಯೋಫೋನಿನ ಸಿಗ್ನಲನ್ನು ಅಂಕಿಯಾಗಿಸುವ, 24 ಬಿಟ್‌ನ, ಎಂಟೂ ಚಾನೆಲ್ಲನ್ನು ಒಟ್ಟಿಗೇ ಅಳೆಯುವ ಎಡಿಎಸ್131ಎಂ08 ಥರದ ಚಿಪ್ ಮೂರು ಸಾಕು. ಒಂದಾದ ಮೇಲೊಂದು ಚಾನೆಲ್ ಓದುವ ಅಗ್ಗದ ಚಿಪ್‌ಗಳು ಬೇಡ, ಚಾನೆಲ್‌ಗಳ ನಡುವೆ ತಡ ಸೇರಿಕೊಂಡು ಅದೇ ಅಲೆಯ ವೇಗದಂತೆ ನಟಿಸುತ್ತದೆ. ಮೂರಕ್ಕೂ ಒಂದೇ ಕ್ಲಾಕ್, ಒಂದೇ ಸಿಂಕ್ ತಂತಿ ಕೊಡಿ. ಬೇರೆ ಬೇರೆ ಕ್ರಿಸ್ಟಲ್ ಇಟ್ಟರೆ ಒಂದು ಸೆಕೆಂಡಿನ ಸುತ್ತಿಗೆ ರೆಕಾರ್ಡಿನಲ್ಲಿ ತಪ್ಪು ಕಾಣುವುದಿಲ್ಲ. ಆದರೆ ದಶಲಕ್ಷಕ್ಕೆ 20ರಷ್ಟು ವ್ಯತ್ಯಾಸವಿರುವ ಕ್ರಿಸ್ಟಲ್ 20 ನಿಮಿಷದ ಟ್ರಾಫಿಕ್ ರೆಕಾರ್ಡಿನ ಕೊನೆಗೆ 24 ಮಿಲಿಸೆಕೆಂಡ್ ಜಾರಿರುತ್ತದೆ, ಆ ಡೇಟಾ ಕಸಕ್ಕೆ. ಒಂದು ಸೆಕೆಂಡಿನ ದಾಖಲೆ ಟೀನ್ಸಿ 4.1 ಎಂಬ ಸಣ್ಣ ಕಂಟ್ರೋಲರ್ ಬೋರ್ಡಿನ 1 ಎಂಬಿ ಮೆಮೊರಿಯಲ್ಲೇ ಹಿಡಿಸುತ್ತದೆ. ಹೊಡೆಯುವ ಮುಂಚಿನ 100 ಮಿಲಿಸೆಕೆಂಡನ್ನೂ ಉಳಿಸುವಂತೆ ಬರೆಯಿರಿ, ಗದ್ದಲ ಎಷ್ಟಿತ್ತೆಂದು ಅದರಿಂದಲೇ ಗೊತ್ತಾಗುತ್ತದೆ. ಒಳಗಿನ ಕಾಯಿಲಿನ ತೂಗಾಟ ತಗ್ಗಿಸಲು ಜಿಯೋಫೋನಿಗೆ ಅಡ್ಡಲಾಗಿ ಹಾಕುವ ಡ್ಯಾಂಪಿಂಗ್ ರೆಸಿಸ್ಟರ್ ಮರೆಯಬೇಡಿ. ಡ್ಯಾಂಪಿಂಗ್ 0.7ಕ್ಕೆ ಬರುವ ಬೆಲೆಯನ್ನು ಆ ಮಾದರಿಯ ಡೇಟಾಶೀಟಿನಿಂದ ತೆಗೆದು 24ಕ್ಕೂ ಅದನ್ನೇ ಹಾಕಿ.

ಸಾಫ್ಟ್‌ವೇರಿಗೆ ದುಡ್ಡು ಬೇಕಿಲ್ಲ. ರಿಫ್ರ್ಯಾಕ್ಷನ್ ಟೊಮೊಗ್ರಫಿಗೆ ಪೈಜಿಮ್ಲಿ, ಮೇಲ್ಮೈ ಅಲೆ ಮತ್ತು ಎಚ್‌ವಿಎಸ್‌ಆರ್‌ಗೆ ಜಿಯೋಪ್ಸಿ, ಫೈಲ್ ತೆರೆಯಲು ಆಬ್ಸ್‌ಪೈ. ಮೂರೂ ಉಚಿತ.

ಸೈಟ್ ಬಿಡುವ ಮೊದಲು

ದಿನದ ಮೊದಲ ಸಾಲಿನಲ್ಲಿ ಒಂದೊಂದು ಜಿಯೋಫೋನನ್ನೂ ಬೆರಳಿನಿಂದ ತಟ್ಟಿ ಪರದೆಯಲ್ಲಿ ನೋಡಿ. ಮೂರು ನಿಮಿಷದ ಕೆಲಸ. ಕ್ರಮ ತಪ್ಪಿದ್ದು, ಸತ್ತದ್ದು, ವೈರು ಅದಲುಬದಲಾಗಿ ಹಾಕಿದ್ದು ಎಲ್ಲ ಅಲ್ಲೇ ಸಿಗುತ್ತವೆ. ತಿರುಗುಮುರುಗಾದ ಒಂದೇ ಜಿಯೋಫೋನ್ ಇಡೀ ಡಿಸ್ಪರ್ಶನ್ ಚಿತ್ರವನ್ನು, ಅಂದರೆ ಯಾವ ಆವರ್ತನದ ಅಲೆ ಎಷ್ಟು ವೇಗದಲ್ಲಿ ಸಾಗಿತು ಎಂದು ತೋರಿಸುವ ಎಂಎಎಸ್‌ಡಬ್ಲ್ಯು ಚಿತ್ರವನ್ನು, ಕದಡುತ್ತದೆ.

ಪ್ರತಿ ಸಾಲಿನ ಡಿಸ್ಪರ್ಶನ್ ಚಿತ್ರವನ್ನು ಅಲ್ಲೇ ಲ್ಯಾಪ್‌ಟಾಪಿನಲ್ಲಿ ತೆಗೆಯಿರಿ. 8ರಿಂದ 40 ಹರ್ಟ್ಸ್‌ವರೆಗೆ ಒಂದೇ ಪಟ್ಟಿ ಕಡಿಯದೆ ಕಾಣಬೇಕು. ತುದಿಯಾಚೆ 5 ಮತ್ತು 10 ಮೀಟರಿನಿಂದ ಹೊಡೆದವುಗಳ ಚಿತ್ರಗಳನ್ನು ಒಂದರ ಮೇಲೊಂದು ಇಡಿ. ಹತ್ತಿರದಿಂದ ಹೊಡೆದದ್ದರಲ್ಲಿ ಕಡಿಮೆ ಆವರ್ತನದ ವೇಗ ಇಳಿದು ಕಾಣುತ್ತದೆ, ದೂರದಿಂದ ಹೊಡೆದದ್ದರಲ್ಲಿ ಮೇಲಿನ ಆವರ್ತನ ಮಸುಕಾಗುತ್ತದೆ. ಎರಡೂ ಒಪ್ಪುವ ಭಾಗವನ್ನು ಮಾತ್ರ ಇಟ್ಟುಕೊಳ್ಳಿ. ಪಟ್ಟಿ ಥಟ್ಟನೆ ಮೇಲಿನ ವೇಗಕ್ಕೆ ಜಿಗಿದರೆ ಅದು ಬೇರೆ ಮೋಡ್, ಅಂದರೆ ಅದೇ ಆವರ್ತನದ ಅಲೆ ಇನ್ನೊಂದು ವೇಗದಲ್ಲಿ ಸಾಗುವ ಬಗೆ. ಡಾಂಬರಿನ ಮೇಲೆ, ಗಟ್ಟಿ ಪದರ ಮೇಲಿದ್ದು ಮೆತ್ತನೆಯದು ಕೆಳಗಿರುವಲ್ಲಿ, ಇದು ಸಾಮಾನ್ಯ. ಎರಡನ್ನೂ ಒಂದೇ ಗೆರೆ ಎಂದು ಸೇರಿಸಿದರೆ ಇಲ್ಲದ ಬಂಡೆ ಹುಟ್ಟಿಕೊಳ್ಳುತ್ತದೆ. ಎಂಎಎಸ್‌ಡಬ್ಲ್ಯು ಕೊಡುವುದು ಸಾಲಿನಡಿಯ ಸರಾಸರಿ. 8 ಮೀಟರ್ ಆಳದ 2 ಮೀಟರ್ ಗುಂಡುಕಲ್ಲು ಅದರಲ್ಲಿ ಕಾಣದು, ಕಾಣಿಸುತ್ತೇವೆಂದು ಒಪ್ಪಿಕೊಳ್ಳಲೂಬೇಡಿ. ನೆರೆದ ಜನ ಕೇಳುವ ಮೊದಲ ಪ್ರಶ್ನೆ, "ನೀರು ಎಷ್ಟು ಅಡಿಗೆ ಸಿಗುತ್ತೆ ಸಾರ್?" ಇದಕ್ಕೂ ಅದೇ ಉತ್ತರ. ಮಣ್ಣಿನಲ್ಲಿ ನೀರಿನ ಮಟ್ಟ ಕಂಡೀತು, ಬಂಡೆಯ ಬಿರುಕಿನ ನೀರು ಈ ಸಾಲಿಗೆ ಕಾಣದು.

ಬೋರ್‌ಹೋಲ್ ಪೂರ್ತಿ ಬಿಡುವಂತಿಲ್ಲ. ಭೂಕಂಪ ವಿನ್ಯಾಸದ ಭಾರತೀಯ ಮಾನದಂಡವಾದ ಐಎಸ್ 1893ರ 2016ರ ಆವೃತ್ತಿ ಮಣ್ಣನ್ನು ವಿಂಗಡಿಸಿದ್ದು ಎಸ್‌ಪಿಟಿಯ ಎನ್ ಬೆಲೆಯಿಂದಲೇ, ಅಂದರೆ ಕೊಳವೆ ಇಳಿಯಲು ಬೇಕಾದ ಏಟುಗಳ ಎಣಿಕೆಯಿಂದಲೇ. ಉಳಿತಾಯ ಇರುವುದು ಕ್ರಮ ತಿರುಗಿಸುವುದರಲ್ಲಿ: ಮೊದಲು ಸೈಸ್ಮಿಕ್, ಆಮೇಲೆ ಬೋರ್‌ಹೋಲ್. ಚೌಕ ಹಾಕಿ ಎಂಟು ಕಡೆ ಕೊರೆಯುವ ಬದಲು, ವೇಗ ಅತಿ ಕಡಿಮೆ ಇರುವಲ್ಲಿ ಒಂದು, ಅತಿ ಹೆಚ್ಚಿರುವಲ್ಲಿ ಒಂದು, ವೇಗ ಏಕಾಏಕಿ ಬದಲಾಗುವಲ್ಲಿ ಒಂದು ಎಂದು ಜಾಗ ತೋರಿಸಿ. ಎಷ್ಟು ಬೇಕು ಎನ್ನುವುದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಜೊತೆ ಕೂತು ತೀರ್ಮಾನಿಸಿ.

30 ಮೀಟರಿನ ಸರಾಸರಿ ವೇಗ ಬರೆಯುವಾಗ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಒಂದು ಕಾಲ್ಪನಿಕ ಸೈಟು: 3 ಮೀಟರ್ ತುಂಬಿದ ಮಣ್ಣು 160 ವೇಗ, 7 ಮೀಟರ್ ಕೆಮ್ಮಣ್ಣು 260, 8 ಮೀಟರ್ ಕೊಳೆತ ಕಲ್ಲು 450, ಅದರ ಕೆಳಗೆ 1000. ವೇಗಗಳನ್ನು ಕೂಡಿಸಿ ಭಾಗಿಸಬಾರದು. ಪ್ರತಿ ಪದರದ ದಪ್ಪವನ್ನು ಅದರ ವೇಗದಿಂದ ಭಾಗಿಸಿ, ಬಂದ ಸಮಯಗಳನ್ನು ಕೂಡಿಸಿ, 30ನ್ನು ಆ ಮೊತ್ತದಿಂದ ಭಾಗಿಸಬೇಕು. ಇಲ್ಲಿ 398 ಬರುತ್ತದೆ. ಆದರೆ ಎರಡು ಬೇಸ್‌ಮೆಂಟಿಗೆ 6 ಮೀಟರ್ ಅಗೆದುಹಾಕುವ ಕಟ್ಟಡವಾದರೆ ತುಂಬಿದ ಮಣ್ಣು, 3 ಮೀಟರ್ ಕೆಮ್ಮಣ್ಣು ಲಾರಿಯಲ್ಲಿ ಹೋಗಿರುತ್ತವೆ. ಪಾಯದ ಮಟ್ಟದಿಂದ ಲೆಕ್ಕ ಹಾಕಿದರೆ ಅದೇ ನೆಲ 586 ಕೊಡುತ್ತದೆ. ಎರಡೂ ಅಂಕಿಗಳನ್ನು, ಯಾವುದು ಯಾವ ಮಟ್ಟದಿಂದ ಎಂಬುದರ ಜೊತೆಗೆ, ರಿಪೋರ್ಟಿನ ಮೊದಲ ಪುಟದಲ್ಲೇ ಬರೆಯಿರಿ.